ನೂರು ರೂಪಾಯಿ ಬ್ಯಾಂಕಿಗೆ ಮಾರ್ಕೆಟ್ ಎಷ್ಟು ಕೊಡುತ್ತದೆ?

ಇದು ಶುರುವಾಗಿದ್ದು ಅಮ್ಮನ ಒಂದು ಪ್ರಶ್ನೆಯಿಂದ. ಅವರ ಹೆಸರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಷೇರು ಇತ್ತು. 2017ರ ಏಪ್ರಿಲ್ 1ಕ್ಕೆ ಆ ಬ್ಯಾಂಕ್ ಎಸ್‌ಬಿಐ ಜೊತೆ ಸೇರಿತು, ಪ್ರತಿ 10 ಷೇರಿಗೆ ಎಸ್‌ಬಿಐನ 22 ಷೇರು ಬಂತು. ಮಲ್ಲೇಶ್ವರದ ಮನೆಯಲ್ಲಿ ಆ ಕಾಗದ ಹಿಡಿದುಕೊಂಡು ಅಮ್ಮ ಕೇಳಿದರು: "ಎಸ್‌ಬಿಐ ಅಷ್ಟು ದೊಡ್ಡದು. ನಮ್ಮ ಮೈಸೂರ್ ಬ್ಯಾಂಕ್ ಷೇರು ಒಂದಕ್ಕೆ ಅವರ ಎರಡು ಷೇರಿಗಿಂತ ಜಾಸ್ತಿ ಹೇಗೆ ಕೊಟ್ಟರೋ?"

ನಾನು ಹೇಳಿದ್ದು ಇಷ್ಟು. ಒಂದು ಎಕರೆ ಜಮೀನನ್ನು 20 ಸೈಟ್ ಮಾಡಿದರೆ ಒಂದೊಂದಕ್ಕೆ ಒಂದು ಬೆಲೆ, 40 ಮಾಡಿದರೆ ಇನ್ನೊಂದು ಬೆಲೆ. ಸೈಟಿನ ಬೆಲೆ ನೋಡಿ ಜಮೀನು ಎಷ್ಟಿದೆ ಅಂತ ಹೇಳೋಕಾಗಲ್ಲ, ಅಲ್ವಾ? ಅಮ್ಮನಿಗೆ ಸಮಾಧಾನ ಆಯಿತು. ನನಗೆ ಮಾತ್ರ ಆಗಲಿಲ್ಲ. ಹಾಗಾದರೆ ಜಮೀನಿಗೆ, ಅಂದರೆ ಇಡೀ ಬ್ಯಾಂಕಿಗೆ, ಎಷ್ಟು ಬೆಲೆ ಅಂತ ಮಾರ್ಕೆಟ್ ಹೇಗೆ ಕಟ್ಟುತ್ತದೆ? ಬೇರೆ ದೇಶದಲ್ಲೂ ಹೀಗೇನಾ?

ನಾನು ಓದಿದ್ದು ಬಿ.ಕಾಂ., ಕೆಲಸ ಅಕೌಂಟ್ಸ್ ವಿಭಾಗದಲ್ಲಿ. ಬ್ಯಾಲೆನ್ಸ್ ಶೀಟ್ ಓದೋಕೆ ಬರುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಎಕ್ಸೆಲ್ ತೆರೆದು ಕೂರುವುದು ಅಭ್ಯಾಸವಾಯಿತು. ಭಾರತದಂಥ ಬೆಳೆಯುತ್ತಿರುವ, ಅಂದರೆ 'ಎಮರ್ಜಿಂಗ್' ಅನ್ನುವ ಮಾರುಕಟ್ಟೆಗಳ ಬ್ಯಾಂಕುಗಳನ್ನು ಆರಿಸಿಕೊಂಡೆ. ಭಾರತದಿಂದ ಎಚ್‌ಡಿಎಫ್‌ಸಿ ಬ್ಯಾಂಕ್, ಎಸ್‌ಬಿಐ, ನಮ್ಮ ಜೆ.ಸಿ. ರೋಡಿನ ಕೆನರಾ ಬ್ಯಾಂಕ್. ಚೀನಾದಿಂದ ಐಸಿಬಿಸಿ, ಅಂದರೆ ಆಸ್ತಿ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಬ್ಯಾಂಕ್. ಇಂಡೋನೇಷ್ಯಾದಿಂದ ಬ್ಯಾಂಕ್ ಸೆಂಟ್ರಲ್ ಏಷ್ಯಾ, ಅಲ್ಲಿನವರು ಬಿಸಿಎ ಅನ್ನುತ್ತಾರೆ. ಆಮೇಲೆ ಬ್ರೆಜಿಲ್, ಟರ್ಕಿ, ರಷ್ಯಾ. ಕೊರಿಯಾ ಸೇರಿಸಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ, ಯಾಕೆಂದರೆ ಷೇರು ಸೂಚ್ಯಂಕ ಮಾಡುವ ಕಂಪನಿ ಎಂಎಸ್‌ಸಿಐ ಅದನ್ನು ಇನ್ನೂ ಎಮರ್ಜಿಂಗ್ ಪಟ್ಟಿಯಲ್ಲಿ ಇಟ್ಟಿದೆ, ಅಂಥದ್ದೇ ಇನ್ನೊಂದು ಕಂಪನಿ ಎಫ್‌ಟಿಎಸ್‌ಇ 2009ರಲ್ಲೇ ತೆಗೆದುಹಾಕಿದೆ. ಕೊನೆಗೆ ಬಿಟ್ಟೆ.

ಮೊದಲ ಸಲ ಬಂದ ಉತ್ತರಗಳೆಲ್ಲ ತಪ್ಪು. ಬಿಸಿಎಯ ಒಟ್ಟು ಆಸ್ತಿ 2023ರ ಕೊನೆಗೆ 1,408 ಟ್ರಿಲಿಯನ್ ರುಪಿಯಾ. ನಾನು ಇಂಡೋನೇಷ್ಯಾ ಭಾಷೆಯ ವರದಿಯಿಂದ ಅಂಕಿ ತೆಗೆದುಕೊಂಡಿದ್ದೆ. ಅವರು ನಾವು ಕಾಮಾ ಹಾಕುವ ಕಡೆ ಚುಕ್ಕಿ ಹಾಕುತ್ತಾರೆ, ಚುಕ್ಕಿ ಹಾಕುವ ಕಡೆ ಕಾಮಾ. 1.408 ಅಂತ ಇತ್ತು. ಎಕ್ಸೆಲ್ ಅದನ್ನು ಒಂದೂವರೆಗಿಂತ ಕಮ್ಮಿ ಅಂತ ಓದಿತು. ಬ್ಯಾಂಕಿನ ಷೇರುಗಳ ಒಟ್ಟು ಬೆಲೆ ಆಸ್ತಿಯ 800 ಪಟ್ಟು ಅಂತ ಬಂತು! ಅದನ್ನು ಹುಡುಕಿ ಸರಿಮಾಡೋಕೆ ಒಂದು ಪೂರ್ತಿ ಭಾನುವಾರ ಹೋಯಿತು. ಅವತ್ತಿನಿಂದ ಎಲ್ಲ ದೇಶದ ಅಂಕಿಯನ್ನೂ ಮೊದಲು ಲಕ್ಷ ಕೋಟಿ ರೂಪಾಯಿಗೆ ತರುತ್ತೇನೆ. ಒಂದು ಲಕ್ಷ ಕೋಟಿ ಅಂದರೆ ಸರಿಯಾಗಿ ಒಂದು ಟ್ರಿಲಿಯನ್, ಆದ್ದರಿಂದ ಸೊನ್ನೆ ಎಣಿಸುವ ಕಷ್ಟ ಇಲ್ಲ.

ಎರಡನೇ ತಪ್ಪು ನಮ್ಮ ಊರಿನ ಬ್ಯಾಂಕಿನದೇ ಸಾಲಿನಲ್ಲಿ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರು ಮಾಡಿತು. ನನ್ನ ಶೀಟಿನಲ್ಲಿ ಬೆಲೆ ತಾನಾಗಿ ಬದಲಾಗುತ್ತದೆ, ಷೇರುಗಳ ಸಂಖ್ಯೆ ಮಾತ್ರ ನಾನು ಕೈಯಲ್ಲಿ ಹಾಕಿದ್ದು. ಬೆಳಿಗ್ಗೆ ನೋಡಿದರೆ ಬ್ಯಾಂಕಿನ ಬೆಲೆ ಐದನೇ ಒಂದು ಪಾಲಿಗೆ ಇಳಿದಿದೆ! ಎದೆ ಧಸಕ್ ಅಂದಿತು. ಅಮ್ಮನಿಗೆ ಸೈಟಿನ ಲೆಕ್ಕ ಹೇಳಿಕೊಟ್ಟಿದ್ದವನು ನಾನೇ. ಈಗ ಸಂಖ್ಯೆಯ ಕಾಲಂ ಪಕ್ಕದಲ್ಲಿ ತಾರೀಕಿನ ಕಾಲಂ ಇಟ್ಟಿದ್ದೇನೆ.

ಇದೆಲ್ಲ ಸರಿ ಮಾಡಿದ ಮೇಲೆ ಬಂದ ಚಿತ್ರ ಹೀಗಿದೆ. ಭಾರತದ್ದು 2024ರ ಮಾರ್ಚ್ ಲೆಕ್ಕ, ಉಳಿದವರದ್ದು 2023ರ ಡಿಸೆಂಬರ್, ಮೂರು ತಿಂಗಳ ಅಂತರ ಇದೆ ಅನ್ನೋದು ನೆನಪಿರಲಿ.

ಒಂದು ಬ್ಯಾಂಕಿನ ಹತ್ತಿರ 100 ರೂಪಾಯಿ ಆಸ್ತಿ ಇದೆ ಅಂದುಕೊಳ್ಳಿ. ಬ್ಯಾಂಕಿನ ಆಸ್ತಿ ಅಂದರೆ ಮುಖ್ಯವಾಗಿ ಅದು ಕೊಟ್ಟಿರುವ ಸಾಲ, ಇಟ್ಟುಕೊಂಡಿರುವ ಬಾಂಡು. ಆ ನೂರಕ್ಕೆ ಅದರ ಎಲ್ಲ ಷೇರುಗಳ ಬೆಲೆ ಸೇರಿಸಿ ಎಷ್ಟು? ಐಸಿಬಿಸಿಗೆ 4 ರೂಪಾಯಿಗಿಂತ ಕಮ್ಮಿ. ಕೆನರಾ ಬ್ಯಾಂಕಿಗೆ ಸುಮಾರು 7. ಎಸ್‌ಬಿಐಗೆ ಸುಮಾರು 11. ಎಚ್‌ಡಿಎಫ್‌ಸಿ ಬ್ಯಾಂಕಿಗೆ ಸುಮಾರು 30. ಬಿಸಿಎಗೆ 82!

ನಾನು ಸುಮ್ನೆ ನೋಡ್ತಾ ಕೂತುಬಿಟ್ಟೆ. ಬಿಸಿಎಯ ಆಸ್ತಿ ನಮ್ಮ ದುಡ್ಡಿನಲ್ಲಿ ಸುಮಾರು ಏಳೂವರೆ ಲಕ್ಷ ಕೋಟಿ, ಅಂದರೆ ಕೆನರಾದ ಅರ್ಧ. ಆದರೆ ಷೇರುಗಳ ಒಟ್ಟು ಬೆಲೆ ಕೆನರಾದ ಆರು ಪಟ್ಟು, ಹೆಚ್ಚುಕಮ್ಮಿ ಎಸ್‌ಬಿಐ ಹತ್ತಿರಕ್ಕೆ ಬರುತ್ತದೆ. ಎಸ್‌ಬಿಐ ಆಸ್ತಿಯೋ, ಸುಮಾರು 62 ಲಕ್ಷ ಕೋಟಿ.

ಯಾಕೆ ಹೀಗೆ? ಇಲ್ಲೇ ನನಗೆ ಜಾಸ್ತಿ ಸಮಯ ಹಿಡಿದಿದ್ದು. ಜನ ಬಿಸಿಎಯಲ್ಲಿ ಇಡುವ ಠೇವಣಿಯಲ್ಲಿ ನೂರಕ್ಕೆ 80ರಷ್ಟು ಎಸ್‌ಬಿ ಮತ್ತು ಕರೆಂಟ್ ಖಾತೆಯದು. ಅದಕ್ಕೆ ಅವರು ಕೊಡುವ ಬಡ್ಡಿ ತೀರಾ ಕಮ್ಮಿ. ಎಫ್‌ಡಿಗೆ ಜಾಸ್ತಿ ಬಡ್ಡಿ ಕೊಟ್ಟು ಠೇವಣಿ ಎಳೆಯುವ ಗೋಜೇ ಇಲ್ಲ. ಆದ್ದರಿಂದ ಸಾಲ ಕೊಟ್ಟಾಗ ಉಳಿಯುವ ಬಡ್ಡಿಯ ಅಂತರ ಶೇ. 5ಕ್ಕಿಂತ ಮೇಲೆ. ಐಸಿಬಿಸಿಯ ಅಂತರ 2023ರಲ್ಲಿ ಶೇ. 1.61. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚೀನಾ ಸರ್ಕಾರದ ಸೂಚನೆಯಂತೆ ಅಲ್ಲಿನ ಬ್ಯಾಂಕುಗಳು ಹಳೆಯ ಮನೆ ಸಾಲದ ಬಡ್ಡಿಯನ್ನೂ ಇಳಿಸಬೇಕಾಯಿತು. ಸಾಲಗಾರರಿಗೆ ಒಳ್ಳೆಯದೇ. ಷೇರು ಇಟ್ಟುಕೊಂಡವರು ಮಾತ್ರ ಈ ಬ್ಯಾಂಕ್ ಮೊದಲು ಯಾರ ಮಾತು ಕೇಳುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಹಾಗಾಗಿ ಅದರ ಬುಕ್ ವ್ಯಾಲ್ಯೂನ, ಅಂದರೆ ಆಸ್ತಿಯಲ್ಲಿ ಬ್ಯಾಂಕು ಬೇರೆಯವರಿಗೆ ಕೊಡಬೇಕಾದ್ದನ್ನು ಕಳೆದು ಉಳಿಯುವ ಮೊತ್ತದ, ಅರ್ಧಕ್ಕೂ ಷೇರು ಸಿಗುತ್ತಿತ್ತು. ಬಿಸಿಎ ಬುಕ್ ವ್ಯಾಲ್ಯೂನ ನಾಲ್ಕೂವರೆ ಪಟ್ಟಿಗಿಂತ ಮೇಲೆ.

ಅದೇ ಬಿಸಿಎ ಇಂಡೋನೇಷ್ಯಾದ 1998ರ ಆರ್ಥಿಕ ಬಿಕ್ಕಟ್ಟಿನ ಗಲಾಟೆಯಲ್ಲಿ ಠೇವಣಿದಾರರೆಲ್ಲ ಮುಗಿಬಿದ್ದು ದುಡ್ಡು ತೆಗೆದು, ಸರ್ಕಾರದ ಕೈಗೆ ಹೋಗಿದ್ದ ಬ್ಯಾಂಕು. ಆಮೇಲೆ 2000ದಲ್ಲಿ ಷೇರು ಮಾರುಕಟ್ಟೆಗೆ ಬಂತು. ನಂಬಿಕೆ ವಾಪಸ್ ಕಟ್ಟಿಕೊಂಡ ರೀತಿ ನೋಡಿ ನನಗೆ ನಿಜಕ್ಕೂ ಗೌರವ ಬಂತು.

ನಮ್ಮಲ್ಲೂ ಒಂದು ಜೋಡಿ ಇದೆ. 2023–24ರಲ್ಲಿ ಎಸ್‌ಬಿಐ ಲಾಭ 61,077 ಕೋಟಿ, ಎಚ್‌ಡಿಎಫ್‌ಸಿ ಬ್ಯಾಂಕಿನದು 60,812 ಕೋಟಿ. ಸರಿಸುಮಾರು ಒಂದೇ. ಮಾರ್ಕೆಟ್ ಒಂದಕ್ಕೆ ಸುಮಾರು 6.7 ಲಕ್ಷ ಕೋಟಿ ಕಟ್ಟಿತು, ಇನ್ನೊಂದಕ್ಕೆ 11 ಲಕ್ಷ ಕೋಟಿ. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ಒಂದು ಪಾಲು ಹಳೇ ನೆನಪು. 2018ರ ಮಾರ್ಚಿನಲ್ಲಿ ನಮ್ಮ ಬ್ಯಾಂಕುಗಳ ವಸೂಲಾಗದ ಸಾಲ ನೂರಕ್ಕೆ 11 ದಾಟಿತ್ತು, ಹೆಚ್ಚಿನ ಪೆಟ್ಟು ಬಿದ್ದಿದ್ದು ಸರ್ಕಾರಿ ಬ್ಯಾಂಕುಗಳಿಗೆ. 2024ಕ್ಕೆ ಅದು 3ಕ್ಕಿಂತ ಕೆಳಗೆ ಬಂದಿತ್ತು. ಆಗಿನ ಬೆಲೆಯಲ್ಲಿ ಆ ಸುಧಾರಣೆ ಪೂರ್ತಿ ಕಾಣುತ್ತಿರಲಿಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಟರ್ಕಿಯ ಸಾಲು ನನಗೆ ಬೇರೆ ಪಾಠ ಕಲಿಸಿತು. 2022ರಲ್ಲಿ ಇಸ್ತಾಂಬುಲ್ ಸೂಚ್ಯಂಕ ಸುಮಾರು 1,850ರಿಂದ 5,500ಕ್ಕೆ ಏರಿತು, ಮೂರು ಪಟ್ಟು. ಆದರೆ ಅದೇ ವರ್ಷ ಒಂದು ಡಾಲರಿಗೆ 13 ಲಿರಾ ಇದ್ದಿದ್ದು 18 ದಾಟಿತು. ಡಾಲರಿನಲ್ಲಿ ನೋಡಿದರೆ ಬರೀ ಎರಡು ಪಟ್ಟು ಚಿಲ್ಲರೆ. ಅಕ್ಟೋಬರಿನಲ್ಲಿ ಅಲ್ಲಿನ ಹಣದುಬ್ಬರ ಶೇ. 85ರ ಮೇಲಿತ್ತು. ಅಲ್ಲಿನ ಜನ ದುಡ್ಡು ಉಳಿಸಿಕೊಳ್ಳೋಕೆ ಷೇರಿಗೆ ಓಡಿದರು. ಆದ್ದರಿಂದ ಟರ್ಕಿ ಬ್ಯಾಂಕುಗಳ ಷೇರು ಬೆಲೆಯನ್ನು ಆ ದಿನದ ವಿನಿಮಯ ದರ ಹಾಕದೆ ನಾನು ಯಾವುದರ ಜೊತೆಗೂ ಇಟ್ಟು ನೋಡುವುದಿಲ್ಲ.

ಬ್ರೆಜಿಲಿನ ಇತಾವು ಬ್ಯಾಂಕಿಗೆ ಎರಡು ಥರದ ಷೇರು, ಐಸಿಬಿಸಿಗೆ ಶಾಂಘೈನಲ್ಲಿ ಒಂದು ಬೆಲೆ, ಹಾಂಗ್‌ಕಾಂಗ್‌ನಲ್ಲಿ ಇನ್ನೊಂದು. ಎರಡನ್ನೂ ಬೇರೆಬೇರೆ ಗುಣಿಸಿ ಕೂಡಿಸಬೇಕು.

ರಷ್ಯಾದ ಸ್ಬೇರ್‌ಬ್ಯಾಂಕ್ ಸಾಲನ್ನು ಅಳಿಸಿಲ್ಲ. 2022ರ ಮಾರ್ಚಿನಲ್ಲಿ ಎಂಎಸ್‌ಸಿಐ ರಷ್ಯಾದ ಷೇರುಗಳನ್ನೆಲ್ಲ ಸೊನ್ನೆಗೆ ಹತ್ತಿರದ ಬೆಲೆಗೆ ತನ್ನ ಸೂಚ್ಯಂಕದಿಂದ ತೆಗೆದುಹಾಕಿತು. ಮರುವರ್ಷ ಆ ಬ್ಯಾಂಕು ಸುಮಾರು ಒಂದೂವರೆ ಟ್ರಿಲಿಯನ್ ರೂಬಲ್ ಲಾಭ ಮಾಡಿತು. ಮಾಸ್ಕೋದಲ್ಲಿ ಷೇರಿಗೆ ಬೆಲೆ ಇದೆ, ಹೊರಗಿನವರು ಮಾರಿಕೊಂಡು ಬರೋಕಾಗಲ್ಲ. ಹೋದ ವಾರ ಅಮ್ಮ ನನ್ನ ಹಿಂದೆ ನಿಂತು ಶೀಟ್ ನೋಡುತ್ತಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟು, "ಇಷ್ಟು ಲಾಭ ಬಂದಿದೆ, ಇಲ್ಲಿ ಬೆಲೆ ಯಾಕೋ ಬರೆದಿಲ್ಲ?" ಅಂದರು. ಎರಡು ಬೆಲೆ ಇದೆ ಅಮ್ಮ, ಯಾವುದು ಹಾಕಬೇಕು ಅಂತ ಇನ್ನೂ ತೀರ್ಮಾನ ಮಾಡಿಲ್ಲ ಅಂದೆ.