ವೀಣೆಯ ರೆಕಾರ್ಡಿಂಗಿಗೆ ಲ್ಯಾಪ್‌ಟಾಪ್ ಹುಡುಕಿದ ಕಥೆ

ನಮ್ಮ ಅಕ್ಕ ವೀಣೆ ನುಡಿಸುತ್ತಾಳೆ, ನಾನು ರೆಕಾರ್ಡ್ ಮಾಡುತ್ತೇನೆ. ಮೈಸೂರಿನ ನಮ್ಮ ಹಳೇ ಮನೆಯ ಒಳಕೋಣೆಯೇ ನಮ್ಮ ಸ್ಟುಡಿಯೊ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಎದುರು ಗೋಡೆಗೆ ಜಮಖಾನ ಇಳಿಬಿಟ್ಟು, ಸೀಲಿಂಗ್ ಫ್ಯಾನ್ ಆಫ್ ಮಾಡಿ ಕೂರುತ್ತೇವೆ. ಬೀದಿಯಲ್ಲಿ ಗಾಡಿಗಳ ಓಡಾಟ ನಿಲ್ಲಬೇಕಲ್ಲ, ಹಾಗಾಗಿ ರಾತ್ರಿ 11ರ ಮೇಲೆಯೇ ಶುರು. ಈ ಕೋಣೆಗೆ ಹೊಂದುವ ಲ್ಯಾಪ್‌ಟಾಪ್ ಸಿಗುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಮೊದಲು ಕೊಂಡದ್ದು ಗೇಮಿಂಗ್ ಲ್ಯಾಪ್‌ಟಾಪ್. ಪವರ್ ಜಾಸ್ತಿ ಇದ್ದಷ್ಟೂ ರೆಕಾರ್ಡಿಂಗ್ ಚೆನ್ನಾಗಿ ಬರುತ್ತದೆ ಅಂದುಕೊಂಡಿದ್ದೆ. ದೊಡ್ಡ ಪ್ರೊಸೆಸರ್, 16 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್, ಎಲ್ಲವೂ ಇತ್ತು. ಆಡಿಯೊ ಕೆಲಸಕ್ಕೆ ಆ ಕಾರ್ಡಿನಿಂದ ಹೆಚ್ಚು ಪ್ರಯೋಜನ ಇಲ್ಲ ಅನ್ನುವುದು ಆಮೇಲೆ ತಿಳಿಯಿತು. ಅದರ ಬಿಸಿ ಮಾತ್ರ ನಮ್ಮ ಪಾಲಿಗೆ ಬಂತು.

ಆ ರಾತ್ರಿ ಅಕ್ಕ ಕಲ್ಯಾಣಿ ಆಲಾಪನೆ ಹಿಡಿದಿದ್ದಳು. ವೀಣೆಯಲ್ಲಿ ಒಂದು ಸಲ ಮೀಟಿ, ವೀಣೆಯ ಮೆಟ್ಟಿನ ಮೇಲೆ ತಂತಿ ಎಳೆದು, ಅದೇ ನಾದದಲ್ಲಿ ಎರಡು ಮೂರು ಸ್ವರ ತೆಗೆಯುತ್ತಾರೆ. ಮೀಟಿದ ಕ್ಷಣ ನಾದ ದೊಡ್ಡದು. ಆಮೇಲೆ ಇಳಿಯುತ್ತಾ, ಸಣ್ಣಗಾಗುತ್ತಾ ಹೋಗುತ್ತದೆ. ಗಮಕದ ಸೊಗಸು ಇರುವುದು ಆ ಇಳಿಯುವ ನಾದದಲ್ಲೇ. ಕಣ್ಣು ಮುಚ್ಚಿ ಕೇಳುತ್ತಿದ್ದೆ. ಐದಾರು ನಿಮಿಷ ಆಗಿತ್ತೇನೋ, ಹೆಡ್‌ಫೋನಿನಲ್ಲಿ ಹಿತ್ತಲಲ್ಲಿ ಯಾರೋ ನಲ್ಲಿ ಬಿಟ್ಟ ಹಾಗೆ ಸದ್ದು. ಲ್ಯಾಪ್‌ಟಾಪಿನ ಫ್ಯಾನ್ ಎದ್ದಿತ್ತು. ಮೀಟಿದಾಗ ಅದು ಕೇಳುತ್ತಿರಲಿಲ್ಲ. ನಾದ ಇಳಿದ ಕಡೆಯಲ್ಲೆಲ್ಲ ಮೇಲೆ ಬರುತ್ತಿತ್ತು.

ಸಾಫ್ಟ್‌ವೇರಿನಲ್ಲಿ ಆ ಸದ್ದು ತೆಗೆಯಲು ನೋಡಿದೆ. ಫ್ಯಾನ್ ಏನೋ ಹೋಯಿತು, ಅದರ ಜೊತೆ ನಾದದ ಕೊನೆಯೂ ಹೋಯಿತು. ಅಕ್ಕ ಕೇಳಿ, "ಇದು ನನ್ನ ವೀಣೆ ಅಲ್ಲ ಕಣೋ" ಅಂದಳು. ನನಗೂ ಹಾಗೇ ಅನ್ನಿಸಿತ್ತು.

ಲ್ಯಾಪ್‌ಟಾಪನ್ನು ಪಕ್ಕದ ಕೋಣೆಯಲ್ಲಿಟ್ಟು, ಬಾಗಿಲ ಸಂದಿಯಲ್ಲಿ ಇಂಟರ್‌ಫೇಸಿಗೆ, ಅಂದರೆ ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಗೆ, ಯುಎಸ್‌ಬಿ ಕೇಬಲ್ ಎಳೆದೂ ನೋಡಿದೆ. ಆ ಕೇಬಲ್ಲನ್ನು ಐದು ಮೀಟರಿಗಿಂತ ಉದ್ದ ಎಳೆಯುವ ಹಾಗಿಲ್ಲ. ನಮಗೆ ಅಷ್ಟು ಸಾಕಾಗಿತ್ತು. ಆದರೆ ಪ್ರತಿ ಟೇಕಿಗೂ ನಾನು ಎದ್ದು ಹೋಗಿ ಬರಬೇಕು, ಅಷ್ಟರಲ್ಲಿ ಅಕ್ಕನ ಮನಸ್ಸು ರಾಗದಿಂದ ಹೊರಗೆ ಬಂದಿರುತ್ತಿತ್ತು.

ಫ್ಯಾನಿನ ಜೊತೆಗೆ ಇನ್ನೊಂದು ತೊಂದರೆಯೂ ಇತ್ತು, ನಡುನಡುವೆ ಟಪ್ ಟಪ್ ಅನ್ನುವ ಸದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರು ಧ್ವನಿಯನ್ನು ಹಂಡೆಯಿಂದ ಚೊಂಬಿನಲ್ಲಿ ನೀರು ಮೊಗೆದ ಹಾಗೆ ಮೊಗೆಯುತ್ತದೆ. ಆ ಚೊಂಬಿನ ಅಳತೆಗೆ ಬಫರ್ ಅನ್ನುತ್ತಾರೆ. ಚೊಂಬು ಚಿಕ್ಕದಾದರೆ ಮೇಲಿಂದ ಮೇಲೆ ಮೊಗೆಯಬೇಕು, ಒಂದು ಸಲ ತಡವಾದರೂ ಧಾರೆ ಕಡಿಯುತ್ತದೆ. ಟಪ್ ಅನ್ನುವುದು ಅದೇ. ದೊಡ್ಡದು ಇಟ್ಟುಕೊಂಡರೆ ಧಾರೆ ಕಡಿಯುವುದಿಲ್ಲ, ಆದರೆ ಧ್ವನಿ ತಡವಾಗಿ ಕಿವಿಗೆ ಬರುತ್ತದೆ. 48 ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ 48 ಸಾವಿರ ಸಲ ಧ್ವನಿಯನ್ನು ಅಳೆಯುವುದು, ಆ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಹಾಗೆ ನೋಡಿದರೆ 256 ಸ್ಯಾಂಪಲ್‌ನ ಬಫರ್ ಅಂದರೆ ಸುಮಾರು 5 ಮಿಲಿಸೆಕೆಂಡ್, 1024 ಅಂದರೆ 21. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಈ ತಡ ಕೂಡುತ್ತದೆ. ನಾನು ಆಗಾಗ ಭಾವಗೀತೆ ಹಾಡುತ್ತೇನೆ. 1024 ಇಟ್ಟರೆ ನನ್ನ ದನಿಯೇ ನನ್ನ ಬೆನ್ನಟ್ಟಿ ಬಂದ ಹಾಗಾಗಿ ತಾಳ ತಪ್ಪುತ್ತದೆ.

ಪ್ರೊಸೆಸರ್ ಅಷ್ಟು ದೊಡ್ಡದಿದ್ದರೂ ಯಾಕೆ ಹೀಗೆ? ವಿಂಡೋಸ್‌ಗೆ ಲೇಟೆನ್ಸಿಮಾನ್ ಅಂತ ಒಂದು ಪ್ರೋಗ್ರಾಮ್ ಇದೆ. ಯಾವ ಡ್ರೈವರ್ (ಒಂದೊಂದು ಉಪಕರಣವನ್ನು ನಡೆಸುವ ಪುಟ್ಟ ಪ್ರೋಗ್ರಾಮ್) ಅಡ್ಡ ಬರುತ್ತಿದೆ ಅಂತ ಅದು ತೋರಿಸುತ್ತದೆ. ನನ್ನದರಲ್ಲಿ ವೈಫೈ ಡ್ರೈವರ್ ಸಿಕ್ಕಿಬಿತ್ತು. ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡಿ, ಪವರ್ ಪ್ಲಾನ್ ಅನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ಇಂಟರ್‌ಫೇಸ್ ಕಂಪನಿಯದೇ ಆಸಿಯೊ ಡ್ರೈವರ್ (ಧ್ವನಿಯನ್ನು ತಡವಿಲ್ಲದೆ ಸಾಗಿಸಲೆಂದೇ ಇರುವುದು) ಹಾಕಿದ ಮೇಲೆ 256ರಲ್ಲಿ ನೆಮ್ಮದಿಯಾಗಿ ಓಡಿತು. ಈಗಿರುವ ಲ್ಯಾಪ್‌ಟಾಪಿನಲ್ಲಿ ಟಪ್ ಟಪ್ ಬರುತ್ತಿದ್ದರೆ, ಹೊಸದಕ್ಕೆ ದುಡ್ಡು ಹಾಕುವ ಮೊದಲು ಇಷ್ಟು ಮಾಡಿ ನೋಡಿ.

ಫ್ಯಾನಿಗೆ ಮಾತ್ರ ಮದ್ದಿರಲಿಲ್ಲ. ನಮ್ಮ ಮನೆಯ ಅರ್ತಿಂಗೂ ಅಷ್ಟಕ್ಕಷ್ಟೇ. ಚಾರ್ಜರ್ ಚುಚ್ಚಿದರೆ ಸಣ್ಣಗೆ ಹಮ್ ಬರುತ್ತಿತ್ತು, ತೆಗೆದರೆ ಹೋಗುತ್ತಿತ್ತು. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡೋಣ ಅಂದರೆ ಗೇಮಿಂಗ್ ಮೆಷಿನ್ ಒಂದೂವರೆ ಗಂಟೆಗೇ ಸುಸ್ತು.

ಹೀಗಾಗಿ ಎರಡನೇ ಸಲ ಹುಡುಕುವಾಗ ಮೊದಲು ಸದ್ದು ಮಾಡದಿರುವುದು, ಆಮೇಲೆ ಬ್ಯಾಟರಿ, ಕೊನೆಗೆ ವೇಗ ಅಂತ ಇಟ್ಟುಕೊಂಡೆ. ಸ್ನೇಹಿತರೊಬ್ಬರ ಮನೆಯಲ್ಲಿ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಇತ್ತು, 2020ರ ಕೊನೆಯಲ್ಲಿ ಬಂದ ಮಾಡೆಲ್. ಅದರಲ್ಲಿ ಫ್ಯಾನೇ ಇಲ್ಲ. ಒಂದು ರಾತ್ರಿಯ ಮಟ್ಟಿಗೆ ಕೇಳಿ ತಂದೆ. ಅಕ್ಕ ಕೂರುವ ಜಾಗದಲ್ಲಿ ಮೈಕ್ ಇಟ್ಟು, ಒಂದು ಮಾರು ದೂರದಲ್ಲಿ ಲ್ಯಾಪ್‌ಟಾಪ್ ಇಟ್ಟು, ಹತ್ತು ಟ್ರ್ಯಾಕಿನ ಹಳೇ ಪ್ರಾಜೆಕ್ಟ್ ಒಂದನ್ನು ಓಡಲು ಬಿಟ್ಟು, ಸುಮ್ನೆ ಖಾಲಿ ಕೋಣೆಯನ್ನು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದೆ. ಆಮೇಲೆ ವಾಲ್ಯೂಮ್ ಏರಿಸಿ ಕೇಳಿದೆ, ಲ್ಯಾಪ್‌ಟಾಪಿನ ಸದ್ದು ಎಲ್ಲೂ ಇರಲಿಲ್ಲ. ಅಂಗಡಿಯ ಗಲಾಟೆಯಲ್ಲಿ ಇದು ಗೊತ್ತಾಗುವುದಿಲ್ಲ. ಯಾರದ್ದಾದರೂ ಒಂದು ರಾತ್ರಿಗೆ ಸಿಕ್ಕರೆ ದಯವಿಟ್ಟು ಈ ಪರೀಕ್ಷೆ ಮಾಡಿ.

ಅದೇ ಮಾಡೆಲನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ರ‍್ಯಾಮ್ 16 ಜಿಬಿ, ಸ್ಟೋರೇಜ್ 512. ಮ್ಯಾಕ್‌ನಲ್ಲಿ ಆಮೇಲೆ ರ‍್ಯಾಮ್ ಹೆಚ್ಚಿಸಲು ಆಗುವುದಿಲ್ಲ, ಕೊಳ್ಳುವಾಗಲೇ ತೀರ್ಮಾನ ಮಾಡಬೇಕು. ಬರೀ ದನಿ, ಒಂದೆರಡು ವಾದ್ಯ ಆದರೆ 8 ಸಾಕು. ತಂಬೂರಿ, ತಬಲ, ಪಿಯಾನೊ ಎಲ್ಲ ಸ್ಯಾಂಪಲ್ ಲೈಬ್ರರಿಯಿಂದ (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಸಂಗ್ರಹ) ತರುವವರಿಗೆ 16 ಬೇಕೇ ಬೇಕು. ಸ್ಟೋರೇಜ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಎರಡು ಮೈಕಿಟ್ಟು ಒಂದು ಗಂಟೆ ರೆಕಾರ್ಡ್ ಮಾಡಿದರೆ ಹೆಚ್ಚುಕಡಿಮೆ 1 ಜಿಬಿ, ಅಷ್ಟೇ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಗ್ಯಾರೇಜ್‌ಬ್ಯಾಂಡ್ ಮ್ಯಾಕ್‌ಗೆ ಉಚಿತವಾಗಿ ಸಿಗುತ್ತದೆ. ನನಗೆ ಕೈ ಪಳಗಿದ್ದು ರೀಪರ್, ಅದು ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುತ್ತದೆ.

ಇದರಲ್ಲೂ ಕೊರತೆ ಇದೆ. ಇರುವುದು ಎರಡೇ ಯುಎಸ್‌ಬಿ-ಸಿ ಪೋರ್ಟ್. ಅಗ್ಗದ ಹಬ್ ಹಾಕಿ ಒಂದು ಟೇಕ್ ಕಳೆದುಕೊಂಡೆ, ಈಗ ಇಂಟರ್‌ಫೇಸನ್ನು ನೇರವಾಗಿಯೇ ಚುಚ್ಚುತ್ತೇನೆ. ಏಪ್ರಿಲ್ ತಿಂಗಳಲ್ಲಿ, ಕೋಣೆಯ ಫ್ಯಾನೂ ಆಫ್ ಇದ್ದಾಗ, ಧ್ವನಿ ತಿದ್ದುವ ಪ್ಲಗಿನ್‌ಗಳನ್ನು ಜಾಸ್ತಿ ಹಾಕಿ ಮಿಕ್ಸ್ ಮಾಡುತ್ತಿದ್ದರೆ ಬಿಸಿಯಾಗಿ ನಿಧಾನವಾಗುತ್ತದೆ. ರೆಕಾರ್ಡಿಂಗನ್ನು ರಾತ್ರಿಗೂ ಮಿಕ್ಸನ್ನು ಬೆಳಗಿಗೂ ಇಟ್ಟುಕೊಂಡಿದ್ದೇನೆ.

ತಮ್ಮನ ಗೆಳೆಯನ ಹತ್ತಿರ ಅಷ್ಟು ದುಡ್ಡಿರಲಿಲ್ಲ, ಅವನಿಗೆ ಬೇರೆ ದಾರಿ ಹೇಳಿದೆ. ಆಫೀಸುಗಳಿಂದ ಹೊರಬರುವ ಬಿಸಿನೆಸ್ ಲ್ಯಾಪ್‌ಟಾಪ್, ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಯು ಇರುವಂಥದ್ದು. ಎಚ್ ಇರುವುದಕ್ಕಿಂತ ಅದು ಕಡಿಮೆ ಬಿಸಿಯಾಗುತ್ತದೆ, ಫ್ಯಾನೂ ಕಡಿಮೆ ತಿರುಗುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿಕೊಂಡು ಬಂದ. ಹಾರ್ಮೋನಿಯಂ ಇಟ್ಟುಕೊಂಡು ದಾಸರ ಪದ ಹಾಡುತ್ತಾನೆ, ಅವನಿಗೆ ಅದು ಧಾರಾಳವಾಗಿ ಸಾಕಾಗಿದೆ.

ಹೊಸ ಲ್ಯಾಪ್‌ಟಾಪ್ ಬಂದ ವಾರ ಅಕ್ಕ ಮತ್ತೆ ಕಲ್ಯಾಣಿಯನ್ನೇ ನುಡಿಸಿದಳು. ಪಂಚಮದ ಮೇಲೆ ನಿಂತು ನಾದ ಪೂರ್ತಿ ಇಳಿಯಲು ಬಿಟ್ಟಳು. ಕೊನೆಯ ಎಳೆಯವರೆಗೂ ಕೇಳಿಸಿತು. ಅದರ ಹಿಂದೆ ಟಿಕ್, ಟಿಕ್ ಅಂತ ಗೋಡೆ ಗಡಿಯಾರವೂ ಕೇಳಿಸಿತು. ಈಗ ಕೂರುವ ಮೊದಲು ಅದರ ಸೆಲ್ ತೆಗೆದಿಡುತ್ತೇನೆ.