ಬಾಯಿಗೆ ಬಾರದ ಕೆ, ಕಿವಿಗೆ ಕೇಳದ ಜಿ-ಎಚ್: ಇಂಗ್ಲಿಷ್ ಪದಗಳನ್ನು ಕುಟುಂಬವಾಗಿ ಕಲಿಯುವ ಬಗೆ

ಮಂಡ್ಯದ ಕಡೆ ಕಬ್ಬಿನ ಲೋಡು ತೂಕಕ್ಕೆ ನಿಲ್ಲುವ ಜಾಗಕ್ಕೆ ‘ವೇ ಬ್ರಿಡ್ಜ್’ ಎನ್ನುತ್ತೇವೆ. ಇದನ್ನು ಇಂಗ್ಲಿಷಿನಲ್ಲಿ ಬರೆ ಎಂದರೆ ಕನ್ನಡ ಮಾಧ್ಯಮದ ಮಕ್ಕಳು ಸಾಮಾನ್ಯವಾಗಿ ಡಬ್ಲ್ಯು-ಎ-ವೈ ಎಂದು ಶುರುಮಾಡುತ್ತಾರೆ. ಅದು ದಾರಿ. ತೂಗು ಎಂಬ ಅರ್ಥಕ್ಕೆ ಡಬ್ಲ್ಯು-ಇ-ಐ-ಜಿ-ಎಚ್ ಬೇಕು. ಮಗು ಪೆದ್ದೇನಲ್ಲ. ಕನ್ನಡದಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಬರೆದರೆ ಸರಿಯಾಗುತ್ತದೆ, ಆ ನಂಬಿಕೆಯನ್ನೇ ಇಂಗ್ಲಿಷಿಗೂ ಒಯ್ಯುತ್ತದೆ. ಸದ್ದಿಲ್ಲದ ಅಕ್ಷರವಿರುವ ಪದಗಳನ್ನು ಒಂದೊಂದಾಗಿ ಉರು ಹೊಡೆಸಿದರೆ ಪರೀಕ್ಷೆ ಮುಗಿದ ವಾರಕ್ಕೆ ಮರೆತುಹೋಗುತ್ತವೆ. ಒಂದೇ ಅಕ್ಷರಜೋಡಿ ಇರುವ ಪದಗಳನ್ನು ಒಟ್ಟಿಗೆ, ಅವುಗಳ ಹುಟ್ಟಿನ ಜೊತೆ ಕಲಿಸಿದರೆ ನಿಲ್ಲುತ್ತವೆ.

ಮೊದಲು ಮಗುವಿಗೆ ಹೇಳಬೇಕಾದದ್ದು: ಈ ಅಕ್ಷರಗಳು ಹಿಂದೆ ಸದ್ದು ಮಾಡುತ್ತಿದ್ದವು. ಹಳೆಯ ಇಂಗ್ಲಿಷಿನಲ್ಲಿ ಚಾಕುವಿಗೆ ‘ಕ್ನೀಫ್’ ಎಂದೇ ಅನ್ನುತ್ತಿದ್ದರು. ಜಿ-ಎಚ್ ಇರುವ ಕಡೆ ಗಂಟಲಿನಿಂದ ‘ಖ್’ ಹೋಲುವ ಸದ್ದು ಬರುತ್ತಿತ್ತು. ಇಂಗ್ಲಿಷಿನ ಒಡಹುಟ್ಟಾದ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಮಂಡಿಗೆ ‘ಕ್ನೀ’, ರಾತ್ರಿಗೆ ‘ನಾಖ್ಟ್’. ಅಚ್ಚಿನ ಯಂತ್ರ ಬಂದ ಮೇಲೆ ಕಾಗುಣಿತ ಗಟ್ಟಿಯಾಯಿತು, ಬಾಯಿಮಾತು ಮುಂದೆ ಹೋಯಿತು, ಅಕ್ಷರ ಹಿಂದೆ ಉಳಿಯಿತು. ನಮ್ಮ ಮೈಸೂರಿನ ಇಂಗ್ಲಿಷ್ ಹೆಸರಿನ ಕೊನೆಯಲ್ಲೂ 2014ರ ನವೆಂಬರ್ 1ರವರೆಗೆ ಸದ್ದಿಲ್ಲದ ಒಂದು ‘ಇ’ ಇತ್ತು ಎಂದು ನೆನಪಿಸಿದರೆ ಮಾತು ಬೇಗ ತಲೆಗೆ ಹೋಗುತ್ತದೆ.

ಇನ್ನು ಕನ್ನಡಿಗರ ಕೈಯಲ್ಲಿರುವ ಕೀಲಿಕೈ. ಇಂಗ್ಲಿಷ್ ಮತ್ತು ಸಂಸ್ಕೃತ ಒಂದೇ ಮೂಲಭಾಷೆಯಿಂದ ಕವಲೊಡೆದವು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ಮೂಲ ಒಂದೇ ಇರಬೇಕೆಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲಿ ಹೇಳಿದ್ದ. ಕನ್ನಡಕ್ಕೆ ಬಂದಿರುವ ಸಂಸ್ಕೃತ ಪದಗಳಲ್ಲಿ ಆ ಅಕ್ಷರಗಳ ಸದ್ದು ಇನ್ನೂ ಕೇಳುತ್ತದೆ.

ಜಾನು ಎಂದರೆ ಮಂಡಿ, ‘ಆಜಾನುಬಾಹು’ವಿನಲ್ಲಿರುವ ಜಾನು. ಅದರ ‘ಜ್’ ಇದ್ದ ಕಡೆ ನೀ ಪದದ ಕೆ ಕೂತಿದೆ: ಕೆ-ಎನ್-ಇ-ಇ. ಜ್ಞಾನದ ‘ಜ್ಞ’ ಎಂಬ ಒತ್ತಕ್ಷರವೇ ತಿಳಿ ಎಂಬರ್ಥದ ನೋ ಪದದ ಕೆ-ಎನ್. ಗ್ರೀಕ್, ಲ್ಯಾಟಿನ್ ದಾರಿಯಿಂದ ಬಂದ ಪದಗಳಲ್ಲಿ ಅದು ಜಿ-ಎನ್: ಡಯಾಗ್ನೋಸಿಸ್, ರೆಕಗ್ನೈಸ್. ನಾವು ಜ್ಞಾನವನ್ನು ‘ಗ್ನಾನ’ ಎಂದು ಉಚ್ಚರಿಸುವುದರಿಂದ ಇವು ನಮಗೆ ಇನ್ನೂ ಸಲೀಸು. ಇಗ್ನೊರೆಂಟ್ ಎಂದರೆ ಅಜ್ಞ. ಮುಂದಿನ ‘ಇ’ ನಮ್ಮ ‘ಅ’ ಮಾಡುವ ಕೆಲಸವನ್ನೇ ಮಾಡುತ್ತದೆ.

ಜಿ-ಎಚ್ ಮನೆ ಇನ್ನೂ ದೊಡ್ಡದು. ನಕ್ತ ಎಂದರೆ ರಾತ್ರಿ, ಅದರ ‘ಕ್’ ನೈಟ್ ಪದದ ಜಿ-ಎಚ್. ಅಷ್ಟದ ‘ಷ್’ ಏಟ್ ಪದದ ಜಿ-ಎಚ್. ಲಘುವಿನ ‘ಘ್’ ಹಗುರ ಎಂಬರ್ಥದ ಲೈಟ್ ಪದದಲ್ಲಿದೆ. ಋಜುವಿನ ‘ಜ್’ ಸರಿ ಎಂಬರ್ಥದ ರೈಟ್ ಪದದಲ್ಲಿ, ದುಹಿತೃವಿನ ‘ಹ್’ ಮಗಳು ಎಂಬ ಡಾಟರ್ ಪದದಲ್ಲಿ. ವಾಹನದ ‘ಹ್’ ಇದೆಯಲ್ಲ, ಅದೇ ವೇ ಬ್ರಿಡ್ಜಿನ ಜಿ-ಎಚ್. ಹೊರುವುದು, ತೂಗುವುದು ಒಂದೇ ಬೇರಿನ ಮಾತು.

ಇಲ್ಲಿ ಒಂದು ಎಚ್ಚರ. ಹೋಲಿಕೆ ಕಂಡಲ್ಲೆಲ್ಲ ನೆಂಟಸ್ತನ ಕಟ್ಟಬೇಡಿ. ‘ಒನ್’ ಮತ್ತು ‘ಒಂದು’ ಅಕ್ಕತಂಗಿಯರಂತೆ ಕೇಳಿಸಿದರೂ ಸಂಬಂಧವೇ ಇಲ್ಲ. ಒಂದು ದ್ರಾವಿಡ ಪದ. ಆನಂದ ಎಂಬರ್ಥದ ಡಿಲೈಟ್ ಪದದ ಜಿ-ಎಚ್ ಕೂಡ ಹುಟ್ಟಿನದಲ್ಲ. ಫ್ರೆಂಚ್ ಮೂಲದ ಆ ಪದಕ್ಕೆ ಲೈಟ್ ನೋಡಿ ಆಮೇಲೆ ಅಂಟಿಸಿದ್ದು.

ಕಲಿಸುವ ಕ್ರಮಕ್ಕೆ 200 ಪುಟದ ಒಂದು ನೋಟ್‌ಬುಕ್ ಸಾಕು. ಒಂದು ಅಕ್ಷರಜೋಡಿಗೆ ಎದುರುಬದುರಿನ ಎರಡು ಪುಟ. ಎಡಪುಟದಲ್ಲಿ ಪದ, ಕನ್ನಡ ಅರ್ಥ, ಇದ್ದರೆ ಸಂಸ್ಕೃತದ ಒಡಹುಟ್ಟು. ಸದ್ದಿಲ್ಲದ ಅಕ್ಷರ ಮಾತ್ರ ಕೆಂಪು ಶಾಯಿಯಲ್ಲಿ. ಬಲಪುಟದಲ್ಲಿ ಮಗುವಿನ ಸ್ವಂತ ವಾಕ್ಯ. ದಿನಕ್ಕೆ ಐದು ಪದ, ಹೆಚ್ಚು ಬೇಡ. ನೋಡಿ, ಮುಚ್ಚಿ, ಬರೆದು, ತೆರೆದು ತಾಳೆ ನೋಡುವುದು ಮೂರು ಸಲ. ಅದೇ ಐದನ್ನು ಮರುದಿನ, ಮೂರನೇ ದಿನ, ಏಳನೇ ದಿನ ಮತ್ತೆ ಕೇಳಿ. ಬರೆಯುವಾಗ ಮಾತ್ರ ಮನಸ್ಸಿನೊಳಗೆ ‘ಕ್-ನೈಫ್’ ಎಂದುಕೊಳ್ಳಲಿ. ಗಟ್ಟಿಯಾಗಿ ಓದುವಾಗ ‘ನೈಫ್’ ಎಂದೇ ಓದಿಸಿ, ಇಲ್ಲದಿದ್ದರೆ ಉಚ್ಚಾರ ಕೆಡುತ್ತದೆ.

ವಾಕ್ಯಗಳು ಮನೆಯವೇ ಆಗಲಿ. ಚಪಾತಿ ಹಿಟ್ಟು ನಾದುವುದರಲ್ಲಿ ಎರಡು ಪದ ಒಟ್ಟಿಗೆ ಸಿಗುತ್ತವೆ: ನಾದು ಎಂಬ ನೀಡ್‌ನಲ್ಲಿ ಕೆ-ಎನ್, ಕಲಸಿದ ಹಿಟ್ಟು ಎಂಬ ಡೋನಲ್ಲಿ ಜಿ-ಎಚ್. ಚಾಮುಂಡಿ ಬೆಟ್ಟದ ಮೇಲಿಂದ ರಾತ್ರಿ ಊರು ನೋಡುವ ವಾಕ್ಯದಲ್ಲಿ ನೈಟ್, ಲೈಟ್, ಬ್ರೈಟ್, ನೋಟ ಎಂಬರ್ಥದ ಸೈಟ್ ನಾಲ್ಕೂ ಬರುತ್ತವೆ. ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಕೂತರೆ ಹೈವೇ ಎಂಬ ಪದದಲ್ಲೇ ಒಂದು ಜಿ-ಎಚ್ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಭೂತಕಾಲದ ಏಳು ಕ್ರಿಯಾಪದಗಳಲ್ಲಿ: ಬಾಟ್, ಬ್ರಾಟ್, ಥಾಟ್, ಫಾಟ್, ಸಾಟ್, ಕಾಟ್, ಟಾಟ್. ಎಲ್ಲಿ ಎ-ಯು, ಎಲ್ಲಿ ಒ-ಯು? ಮೂಲ ಕ್ರಿಯಾಪದ ನೋಡಿ. ಕ್ಯಾಚ್ ಮತ್ತು ಟೀಚ್ ಪದಗಳ ಒಳಗೆ ಎ ಅಕ್ಷರವಿದೆ, ಆದ್ದರಿಂದ ಭೂತಕಾಲದಲ್ಲೂ ಎ-ಯು-ಜಿ-ಎಚ್-ಟಿ. ಬೈ, ಬ್ರಿಂಗ್, ಥಿಂಕ್, ಫೈಟ್, ಸೀಕ್ ಇವುಗಳಲ್ಲಿ ಎ ಇಲ್ಲ, ಅಲ್ಲಿ ಒ-ಯು-ಜಿ-ಎಚ್-ಟಿ. ಕೊಂಡೆ, ತಂದೆ ಎರಡನ್ನು ಅದಲುಬದಲು ಮಾಡುವವರಿಗೂ ಇದೇ ಮದ್ದು: ತರು ಎಂಬ ಬ್ರಿಂಗ್‌ನಲ್ಲಿ ಆರ್ ಇದೆ, ಆದ್ದರಿಂದ ತಂದೆ ಎನ್ನುವಲ್ಲೂ ಆರ್.

ಜಿ-ಎಚ್ ‘ಫ್’ ಆಗುವ ಪದಗಳು ಬೆರಳೆಣಿಕೆಯವು: ನಗು ಎಂಬ ಲಾಫ್, ಕೆಮ್ಮು ಎಂಬ ಕಾಫ್, ಒರಟು ಎಂಬ ರಫ್, ಗಟ್ಟಿ ಎಂಬ ಟಫ್, ಸಾಕು ಎಂಬ ಇನಫ್. ಇವಕ್ಕೆ ಬೇರೆ ಪುಟ, ಬೇರೆ ವಾರ. ಆದರೂ ಎಂಬ ದೋ, ಮೂಲಕ ಎಂಬ ಥ್ರೂ, ಸಂಪೂರ್ಣ ಎಂಬ ಥರೋ, ಟಫ್ ನಾಲ್ಕನ್ನೂ ಒಂದೇ ದಿನ ಹೇಳಿಕೊಡುವುದು ದೊಡ್ಡ ತಪ್ಪು. ಹೋಲುವ ರೂಪಗಳು ಒಂದನ್ನೊಂದು ಅಳಿಸುತ್ತವೆ. ಪದದ ಮೊದಲಲ್ಲಿ ಬಂದರೆ ಜಿ-ಎಚ್ ಬರೀ ‘ಗ್’. ನಮ್ಮ ಕಡೆಯಿಂದಲೇ ಹೋದ ತುಪ್ಪದ ಘೀ, ಬೆಟ್ಟಸಾಲಿನ ಘಾಟ್ ಅಲ್ಲಿವೆ.

ಡಿಕ್ಟೇಶನ್ನಿಗೆ ಬಿಡಿ ಪದ ಕೊಡಬೇಡಿ. ‘ನೈಟ್’ ಎಂದರೆ ರಾತ್ರಿಯೋ, ಕುದುರೆಯೇರಿದ ಯೋಧನೋ? ‘ವೇಟ್’ ಎಂದರೆ ತೂಕವೋ, ಕಾಯುವುದೋ? ಇಡೀ ವಾಕ್ಯ ಓದಿ. ಆಮೇಲೆ ತಪ್ಪನ್ನು ಎಣಿಸುವ ಬದಲು ಬಗೆ ನೋಡಿ. ಜಿ-ಎಚ್ ಬಿಟ್ಟೇಹೋಗಿದ್ದರೆ ಮಗು ಇನ್ನೂ ಕಿವಿಯಿಂದ ಬರೆಯುತ್ತಿದೆ, ಕೆಂಪು ಶಾಯಿಯ ಪುಟಕ್ಕೆ ಹಿಂದಿರುಗಿ. ಹೈಟ್, ವೇಟ್ ಎರಡರಲ್ಲೂ ಇ-ಐ ಇದ್ದು ಉಚ್ಚಾರ ಮಾತ್ರ ಬೇರೆಯಾದ್ದರಿಂದ ಆ ಸ್ವರ ತಪ್ಪಿದರೆ ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿಸಿ. ಕೊನೆಯಲ್ಲಿ ಎಚ್-ಟಿ ಬದಲು ಟಿ-ಎಚ್ ಬಂದಿದ್ದರೆ ಅದು ಕೈಯ ಅಭ್ಯಾಸ, ಟಿ-ಎಚ್ ಹೆಚ್ಚು ಬರೆದ ಕೈ ಹಾಗೆ ಓಡುತ್ತದೆ. ಜಿ-ಎಚ್-ಟಿ ಮೂರನ್ನೂ ಪೆನ್ನು ಎತ್ತದೆ ಕೂಡಕ್ಷರದಲ್ಲಿ ಹತ್ತು ಸಲ ಬರೆಸಿ.