ಹಗ್ಗ ಎಳೆದರೆ ಹಿಂದಕ್ಕೆ ಜಗ್ಗುವ ಕುದುರೆಗೆ

ಎಸ್ಟೇಟ್‌ನಲ್ಲಿ, ಹೋಮ್‌ಸ್ಟೇಯಲ್ಲಿ ಕುದುರೆ ಸಾಕುವವರಿಗೆ ಒಂದು ಮಾತು. ಹಗ್ಗ ಎಳೆದರೆ ಕುದುರೆ ತಲೆ ಎತ್ತಿ ಹಿಂದಕ್ಕೆ ಜಗ್ಗುತ್ತದೆ, ಅಲ್ವಾ? ಹಟ ಅಂತ ಬೈಯಬೇಡಿ, ಹೆಚ್ಚಿನ ಸಲ ಅದು ಹೆದರಿಕೆ. ನಾವು ಜೋರು ಮಾಡಿದಷ್ಟೂ ಅದು ಜಾಸ್ತಿ ಜಗ್ಗುತ್ತದೆ.

ಹಾಲ್ಟರ್ (ಕುದುರೆಯ ತಲೆಗೆ ಹಾಕುವ ಪಟ್ಟಿ) ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ, ಹಾಗೇ ಕಾಯಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಕುದುರೆ ಮೈಭಾರವನ್ನು ಒಂಚೂರು ಮುಂದಕ್ಕೆ ವಾಲಿಸಿದರೂ ಸಾಕು, ತಕ್ಷಣ ಸಡಿಲ ಬಿಡಿ. ಪೂರ್ತಿ ಹೆಜ್ಜೆ ಇಡಲಿ ಅಂತ ಕಾಯಬೇಡಿ. ಸಡಿಲ ಬಿಟ್ಟ ಆ ಕ್ಷಣದಲ್ಲೇ ಅದು ಕಲಿಯುವುದು. ತಡವಾದರೆ ಯಾಕೆ ಬಿಟ್ಟಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ತಲೆ ತಗ್ಗಿಸಿ ದೊಡ್ಡ ಉಸಿರು ಬಿಟ್ಟರೆ ಮನಸ್ಸು ಹಗುರಾಗಿದೆ ಅಂದುಕೊಳ್ಳಿ. ಅಲ್ಲಿಗೇ ಆ ದಿನದ ಪಾಠ ನಿಲ್ಲಿಸಿ.

ಕಣದಲ್ಲಿ ಕಾಫಿ ಮುಚ್ಚಿದ ಟಾರ್ಪಾಲ್ ಗಾಳಿಗೆ ಪಟಪಟ ಅಂದಾಗ ನಮ್ಮ ಹೆಣ್ಣು ಕುದುರೆ ಹಗ್ಗ ಕಿತ್ತುಕೊಂಡು ಓಡಿತ್ತು. ಆಮೇಲೆ ದಿನಾ 10 ನಿಮಿಷ ಕೆಲಸ ಮಾಡಿದೆ. ಮಡಚಿದ ಟಾರ್ಪಾಲ್ ಹಿಡಿದು ದೂರದಲ್ಲಿ ನಿಲ್ಲುತ್ತಿದ್ದೆ. ಅದು ಓಡದೆ ನಿಂತು ನೋಡಿದ ಕೂಡಲೇ ನಾನು ಹಿಂದೆ ಸರಿಯುತ್ತಿದ್ದೆ. ಮೂರನೇ ವಾರ ತಾನಾಗೇ ಬಂದು, ಮೂಗಿನ ಹೊಳ್ಳೆ ಅರಳಿಸಿ ಮೂಸಿತು. ನನಗೆ ಕಣ್ಣು ತುಂಬಿ ಬಂತು.

ಹಣೆಯ ನೇರ ಎದುರು ತೀರಾ ಹತ್ತಿರ, ಬಾಲದ ನೇರ ಹಿಂದೆ ಕುದುರೆಗೆ ಕಾಣುವುದಿಲ್ಲ. ಭುಜದ ಕಡೆಯಿಂದಲೇ ಹತ್ತಿರ ಹೋಗಿ. ಸುಮ್ನೆ ಇದ್ದ ಕುದುರೆ ಇದ್ದಕ್ಕಿದ್ದಂತೆ ಜಗ್ಗತೊಡಗಿದರೆ ಮೊದಲು ಹಲ್ಲು, ಹಾಲ್ಟರ್ ಉಜ್ಜಿದ ಗಾಯ ನೋಡಿಸಿ.